ಗುರುತಿನ ಕುದುರೆ ನೀರಿಗೆ ಹೋದದ್ದು

ಮೇಜಿನ ಮೇಲೆ ತೆಳ್ಳಗಿನ ಒಂದು ಪುಸ್ತಕ ಬಿದ್ದುಕೊಂಡಿದೆ. ಮರಾಠಿ ಪುಸ್ತಕ, ಚಿಕ್ಕ ಮಕ್ಕಳಿಗಾಗಿ ಆಫ್ರಿಕಾದ ಪ್ರಾಣಿಗಳ ಕಥೆಗಳು. ರಟ್ಟು ಎಂದೋ ಹೋಗಿದೆ. ಬೆನ್ನಿಗೆ ನಾನು ಹಚ್ಚಿದ ಕಾಗದವೂ ಎದ್ದು ಬಂದಿದೆ. ನಡುವಿನ ಒಂದು ಪುಟದಲ್ಲಿ, ಪಟ್ಟೆಕುದುರೆಯ ಚಿತ್ರದ ಕೆಳಗೆ, ಹೆಬ್ಬೆರಳಿನ ಒಂದು ಹಳದಿ ಗುರುತಿದೆ. ಮೂಗಿನ ಹತ್ತಿರ ಹಿಡಿದರೆ ಇಷ್ಟು ವರ್ಷದ ಮೇಲೂ ಅರಿಶಿಣದ ವಾಸನೆ ಬರುತ್ತದೆ. ಬರುತ್ತದೆಯೋ, ಬರಲಿ ಎಂದು ನಾನು ಬಯಸುತ್ತೇನೋ, ಆಣೆ ಮಾಡಿ ಹೇಳಲಾರೆ. ಆಣೆ ಮಾಡುವುದನ್ನು ನಾನು ಕಳೆದ ತಿಂಗಳಿನಿಂದ ಬಿಟ್ಟಿದ್ದೇನೆ.

ಅದಕ್ಕೂ ಮೊದಲು ಬೇಕಾದಷ್ಟು ಮಾಡುತ್ತಿದ್ದೆ. ನನ್ನ ತವರು ಗುಡ್ಡಾಪುರ. ಅಲ್ಲಿ ದಾನಮ್ಮ ದೇವಿಯ ಗುಡಿಯ ಮುಂದೆ ನಮ್ಮಪ್ಪನದು ಕಾಯಿ ಕರ್ಪೂರದ ಅಂಗಡಿ. ಗಿರಾಕಿ ಕಾಯಿ ಬಡಿದು ನೋಡುವ ಮೊದಲೇ ಅಪ್ಪ 'ದಾನಮ್ಮನಾಣಿ, ಒಳಗ ಚಲೋ ಐತಿ' ಅನ್ನುತ್ತಿದ್ದ. ಕಾಯಿ ಕೆಟ್ಟಿದ್ದರೆ ಗುಡಿಯ ಕಡೆ ತಿರುಗಿ ಎರಡೂ ಗಲ್ಲ ಬಡಿದುಕೊಂಡು ಬೇರೆ ಕಾಯಿ ಕೊಡುತ್ತಿದ್ದ. ದೇವಿ ನಮ್ಮ ಊರಿನವಳು, ದಿನಾ ನೋಡುವವಳು, ಇಷ್ಟಕ್ಕೆಲ್ಲ ಸಿಟ್ಟಾಗುವುದಿಲ್ಲ ಎಂಬ ಸಲಿಗೆ ನಮ್ಮ ಮನೆಯಲ್ಲಿತ್ತು. ಊಟ ಆಯಿತೇ ಅಂದರೂ ಆಣೆ, ಬಸ್ಸು ತಪ್ಪಿತು ಅಂದರೂ ಆಣೆ. ಹೀಗೆ ಬೆಳೆದವಳು ನಾನು ಎಂಬುದನ್ನು ನೀವು ನೆನಪಿನಲ್ಲಿಡಬೇಕು. ನನ್ನ ತಪ್ಪಿಗೆ ನೆಪ ಹುಡುಕುತ್ತಿದ್ದೇನೆ ಅಂತ ಬೇಕಾದರೂ ಅಂದುಕೊಳ್ಳಿ.

ನಾನು ಕನ್ನಡ ಶಾಲೆಯ ಶಿಕ್ಷಕಿ. ಕಳೆದ ವರ್ಷ ನಿವೃತ್ತಳಾದೆ. ಈಗ ಜತ್ತಿನಲ್ಲಿ ಮನೆ. ನೌಕರಿಯ ಒಂಬತ್ತು ವರ್ಷ ದರಿಬಡಚಿಯಲ್ಲಿ ಕಳೆದವು. ಈಗ ನೆನಪಾಗುವುದೆಲ್ಲ ಆ ಒಂಬತ್ತೇ. ಅಲ್ಲಿ ಮಕ್ಕಳಿಗೆ ಮಧ್ಯಾಹ್ನದ ಖಿಚಡಿ ಮಾಡುತ್ತಿದ್ದವಳು ಮಾಳವ್ವ. ಕುರಿಯವರ ಮನೆಯ ಸೊಸೆ. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಎತ್ತರದ ಹೆಣ್ಣು. ಸೊಂಟದಲ್ಲಿ ಬೀರಪ್ಪ ದೇವರ ಭಂಡಾರದ ಪುಟ್ಟ ಚೀಲ ಯಾವಾಗಲೂ ಸಿಕ್ಕಿಸಿಕೊಂಡಿರುತ್ತಿದ್ದಳು. ಭಂಡಾರ ಅಂದರೆ ಅರಿಶಿಣದ ಪುಡಿಯೇ. ಆದರೆ ಖಿಚಡಿಗೆ ಹಾಕುವ ಅರಿಶಿಣ ಬೇರೆ, ಇದು ಬೇರೆ. ನಾನು ಮೊದಲ ದಿನ ಎರಡನ್ನೂ ಒಂದೇ ಅಂದದ್ದಕ್ಕೆ ಅವಳು ಅರ್ಧ ದಿನ ನನ್ನ ಕೂಡ ಮಾತಾಡಿರಲಿಲ್ಲ.

ಒಂದು ಸಲ ಶಾಲೆಗೆ ಪುಸ್ತಕದ ಪೆಟ್ಟಿಗೆ ಬಂತು. ಒಡೆದು ನೋಡಿದರೆ ಎಲ್ಲವೂ ಮರಾಠಿ. ಗಡಿಯಾಚೆ ಮರಾಠಿ ರಾಜ್ಯದೊಳಗಿರುವ ನಮ್ಮ ಕಡೆ ಇದು ಹೊಸದಲ್ಲ, ಯಾರಿಗೂ ಬೇಜಾರೂ ಇಲ್ಲ. ಸಂತೆಯಲ್ಲಿ ಮರಾಠಿ ಮಾತಾಡಿ ಮನೆಗೆ ಬಂದು ಕನ್ನಡದಲ್ಲಿ ಬೈದಾಡುವ ಜನ ನಾವು. ಮಕ್ಕಳು ಮಾತ್ರ ಇನ್ನೂ ಸಣ್ಣವು. ಅವಕ್ಕೆ ಕಥೆ ಕನ್ನಡದಲ್ಲೇ ಬೇಕು. ಹೀಗಾಗಿ ಶನಿವಾರ ಬೆಳಗಿನ ಶಾಲೆ ಮುಗಿದು ಖಿಚಡಿ ಇಳಿಯುವವರೆಗೆ ಬೇವಿನ ಗಿಡದ ಕೆಳಗೆ ಕುಳಿತು ನಾನು ಪುಸ್ತಕ ನೋಡಿ ನೋಡಿ ಕನ್ನಡ ಮಾಡಿ ಹೇಳತೊಡಗಿದೆ. ಆ ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಹೆಚ್ಚು ಓಡಿದ್ದು ಈ ಆಫ್ರಿಕಾದ ಪುಸ್ತಕ.

ಅದರಲ್ಲಿ ಒಂದು ಪಟ್ಟೆಕುದುರೆ, ಒಂದು ಉಷ್ಟ್ರಪಕ್ಷಿ ಗೆಳೆಯರು. ಕೂಡಿಯೇ ಮೇಯುತ್ತಿದ್ದವು, ಕೂಡಿಯೇ ಜಗಳಾಡುತ್ತಿದ್ದವು. ಉಷ್ಟ್ರಪಕ್ಷಿಗೆ ಎರಡು ತುತ್ತಿಗೊಮ್ಮೆ ಉದ್ದ ಕತ್ತೆತ್ತಿ ಸುತ್ತ ನೋಡುವ ಚಟ. ಪಟ್ಟೆಕುದುರೆಗೆ ಗಾಳಿ ಬೀಸಿದಾಗಲೆಲ್ಲ ಮೂಗು ಅರಳಿಸಿ ಬುಸ್ಸೆನ್ನುವ ಚಟ. ಅದರದು ಇದಕ್ಕೆ ಆಗದು, ಇದರದು ಅದಕ್ಕೆ ಆಗದು. ಕಡೆಗೆ ಒಂದು ಕರಾರಾಯಿತು: ಒಂದು ದಿನ ಪೂರ್ತಿ ನೀನು ಕತ್ತು ಎತ್ತಬೇಡ, ನಾನು ಬುಸ್ಸೆನ್ನುವುದಿಲ್ಲ. ಆ ದಿನ ಬಹಳ ನೆಮ್ಮದಿಯಿಂದ ಮೇಯ್ದವು. ಅಷ್ಟು ನೆಮ್ಮದಿ ಯಾಕೆಂದರೆ ಹುಲ್ಲಿನಲ್ಲಿ ಹೊಟ್ಟೆ ಎಳೆದುಕೊಂಡು ಬರುತ್ತಿದ್ದ ಸಿಂಹವನ್ನು ಒಂದು ನೋಡಲಿಲ್ಲ, ಇನ್ನೊಂದು ಮೂಸಲಿಲ್ಲ. ನಾಲ್ಕೇ ಹೆಜ್ಜೆ ಉಳಿದಿದ್ದಾಗ ಕುದುರೆಗೆ ತಡೆಯಲಾಗದೆ ಬುಸ್ಸೆಂದಿತು, ಹಕ್ಕಿ ತಟ್ಟನೆ ಕತ್ತೆತ್ತಿತು, ಎರಡೂ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡಿ ಬದುಕಿದವು. ಮರುದಿನದಿಂದ ಹಕ್ಕಿ ಕತ್ತು ಎತ್ತುವುದು ಚೂರು ತಡವಾದರೆ ಕುದುರೆಯೇ 'ಯಾಕೆ, ಇವತ್ತು ನೋಡುವುದಿಲ್ಲವೇ?' ಎಂದು ಕೇಳುತ್ತಿತ್ತಂತೆ.

ಇಷ್ಟೇ ಕಥೆ. ನಿಮಗೆ ಹೇಳಲು ಒಂದು ನಿಮಿಷ ಹಿಡಿಯಿತು. ದರಿಬಡಚಿಯಲ್ಲಿ ಮೊದಲ ಸಲ ಹೇಳಲು ಎರಡು ಶನಿವಾರ ಹಿಡಿದವು. ಕಾರಣ ಮಾಳವ್ವ.

ಅವಳು ಅಡುಗೆ ಕೋಣೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಪಟ್ಟೆಕುದುರೆಯ ಚಿತ್ರ ತೋರಿಸಿದ ಕೂಡಲೇ ಮೊರ ಬಿಟ್ಟು ಎದ್ದು ಬಂದಳು. ಕುರಿಯವರು ತಮ್ಮ ತಮ್ಮ ಹಿಂಡಿಗೆ ಬಣ್ಣದಲ್ಲಿ ಒಂದೊಂದು ಗುರುತು ಹಾಕುತ್ತಾರಲ್ಲ, ಅವಳ ಕಣ್ಣಿಗೆ ಈ ಪಟ್ಟೆಗಳೂ ಹಾಗೇ ಕಂಡವು. ಯಾರ ಗುರುತು ಎಂದು ಕೇಳಿದಳು. ಯಾರದ್ದೂ ಅಲ್ಲ, ಹುಟ್ಟುತ್ತಲೇ ಹೀಗೆ ಅಂದೆ. ನಂಬಲಿಲ್ಲ.

"ಮೈ ತುಂಬ ಗುರುತ ಹಾಕ್ಯಾರಲ್ರಿ ಬಾಯಾರ. ಇಷ್ಟ ಹಾಕಿದಂವಾ ಭಾಳ ಸಂಶೆದ ಮನಷ್ಯಾ ಇರಬೇಕು ನೋಡ್ರಿ" ಅಂದಳು. ನಮ್ಮ ಕಡೆ ಶಿಕ್ಷಕಿಯನ್ನು ಬಾಯಾರ ಅಂತಲೇ ಕರೆಯುವುದು.

ಅಂದಿನಿಂದ ನಮ್ಮ ಶಾಲೆಯಲ್ಲಿ ಪಟ್ಟೆಕುದುರೆಯ ಹೆಸರು ಗುರುತಿನ ಕುದುರೆ ಅಂತಲೇ ಆಯಿತು. ಉಷ್ಟ್ರಪಕ್ಷಿ ಉದ್ದ ಕುತ್ತಿಗೆಯ ಕೋಳಿಯಾಯಿತು. ಇಷ್ಟಾಗಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಆದರೆ ಅವಳಿಗೆ ಇನ್ನೊಂದು ಪ್ರಶ್ನೆ ಇತ್ತು. ಕಥೆ ಯಾವುದೇ ಇರಲಿ, ಯಾವ ದೇಶದ್ದೇ ಇರಲಿ, ಪ್ರಾಣಿ ನಾಲ್ಕು ಹೆಜ್ಜೆ ಇಡುವುದರೊಳಗೆ ಬಾಗಿಲಿನಿಂದ ಆ ಪ್ರಶ್ನೆ ಬರುತ್ತಿತ್ತು: "ಅವು ನೀರಿಗೆ ಎಲ್ಲಿ ಹೋಗತಿದ್ದವರಿ?"

ಪುಸ್ತಕದಲ್ಲಿ ಬರೆದಿಲ್ಲ ಅನ್ನುತ್ತಿದ್ದೆ. ಚಿತ್ರದಾಗ ನೋಡ್ರಿ ಅನ್ನುತ್ತಿದ್ದಳು. ಚಿತ್ರದಲ್ಲಿ ಹಳದಿ ಹುಲ್ಲು, ಒಂದು ಮರ, ಮೇಲೆ ಸೂರ್ಯ. ಸಿಂಹ ಹೊಂಚು ಹಾಕಿ ಕುಳಿತಿದೆ, ಮಕ್ಕಳು ಉಸಿರು ಹಿಡಿದಿವೆ, ಆಗ ಇವಳದು ನೀರು. ಮಕ್ಕಳೂ ಇವಳ ಕಡೆ ವಾಲಿ, ಬಾವಿಯೋ, ಹಳ್ಳವೋ, ಟ್ಯಾಂಕರ್ ಬರುತ್ತಿತ್ತೋ ಎಂದು ವಾದಕ್ಕೆ ಬೀಳುತ್ತಿದ್ದವು. ಸಿಂಹ ಅಲ್ಲಿಯೇ ಮುಂದಿನ ಶನಿವಾರದವರೆಗೆ ಕೂರಬೇಕಾಗುತ್ತಿತ್ತು.

ಒಮ್ಮೆ ರೇಗಿ, ಕಥೆಯಲ್ಲಿ ನೀರು ಯಾಕೆ ಬೇಕು ನಿನಗೆ ಎಂದು ಕೇಳಿಯೇ ಬಿಟ್ಟೆ. ಅವಳು ಹೊಸದಾಗಿ ಮದುವೆಯಾಗಿ ಬಂದಾಗ ಆರು ವರ್ಷ ಗಂಡನ ಸಂಗಡ ಹಿಂಡಿನ ಹಿಂದೆ ಊರೂರು ನಡೆದವಳು. ಸಂಜೆ ನೀರು ಎಲ್ಲಿ ಎಂದು ಬೆಳಿಗ್ಗೆಯೇ ಗೊತ್ತಿರದಿದ್ದರೆ ಅವಳ ಮಾವ ಕುರಿ ಎಬ್ಬಿಸುತ್ತಿರಲಿಲ್ಲವಂತೆ. "ನೀರ ಎಲ್ಲೈತಿ ತಿಳೀದ ನನ್ನ ಮನಸಿನ್ಯಾಗ ಆ ಪ್ರಾಣಿ ಹೆಜ್ಜೀನ ಕಿತ್ತಿಡೂದಿಲ್ರಿ, ನಾ ಏನ ಮಾಡ್ಲಿ?" ಅಂದಳು. ಈಗ ಯೋಚಿಸಿದರೆ, ಕಥೆಯನ್ನು ಅಷ್ಟು ನಿಜವೆಂದು ಕೇಳಿದವರು ನನ್ನ ಇಡೀ ನೌಕರಿಯಲ್ಲಿ ಇನ್ನೊಬ್ಬರಿಲ್ಲ. ಆಗ ನನಗೆ ತಲೆನೋವಷ್ಟೇ ಅನಿಸಿತ್ತು.

ನನ್ನ ಚಟದ ಬಗ್ಗೆಯೂ ಹೇಳದಿದ್ದರೆ ನ್ಯಾಯವಲ್ಲ. ಬಿಟ್ಟ ಸ್ಥಳ ತುಂಬಿಸಿ ತುಂಬಿಸಿ ನನಗೆ ಎದುರಿನವರ ಮಾತನ್ನೂ ತುಂಬಿಸುವ ರೋಗ ಹತ್ತಿದೆ. ಯಾರಾದರೂ ವಾಕ್ಯ ಶುರು ಮಾಡಿದರೆ ಮುಗಿಸುವವಳು ನಾನು. ನಮ್ಮ ಮನೆಯವರು ಇತ್ತೀಚೆಗೆ ಅರ್ಧ ಹೇಳಿ ಆರಾಮಾಗಿ ಚಹಾ ಕುಡಿಯುತ್ತಾರೆ. ಉಳಿದದ್ದು ಹೇಗೂ ನನ್ನ ಬಾಯಿಂದ ಬರುತ್ತದೆ. ಮಾಳವ್ವ ಇದನ್ನು ಬಹುಬೇಗ ಗುರುತಿಸಿದ್ದಳು. 'ಬಾಯಾರ, ಇವತ್ತ ಉಪ್ಪ...' ಎಂದು ನಿಲ್ಲಿಸುತ್ತಿದ್ದಳು. ತೀರಿದೆಯೇ, ತರಿಸುತ್ತೇನೆ ಅನ್ನುತ್ತಿದ್ದೆ. 'ಅಲ್ಲರಿ, ಹೆಚ್ಚಾಗೈತಿ ಅನ್ನಾಕ ಬಂದಿದ್ದೆ' ಎಂದು ನಗುತ್ತಿದ್ದಳು. ಹೀಗೆ ಅವಳು ನನ್ನನ್ನು ಸಹಿಸಿಕೊಂಡಿದ್ದಳು, ನಾನು ಅವಳನ್ನು. ಮೂರೂವರೆಗೆ ಶಾಲೆ ಖಾಲಿಯಾದ ಮೇಲೆ ಖಿಚಡಿಯ ಪಾತ್ರೆಯ ತಳ ಕೆರೆದು ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದೆವು. ಬೇರೆ ಊರಿಂದ ಒಂಟಿಯಾಗಿ ಬಂದಿದ್ದ ನನಗೆ ಆ ತಟ್ಟೆಯೇ ಮನೆ ಅನಿಸಿತ್ತು.

ಒಂದು ಶನಿವಾರ ಶಾಲೆ ತಪಾಸಣೆಯ ಸಾಹೇಬರು ಬಂದು ನಮ್ಮ ಕಥೆಯ ತಾಸನ್ನು ನೋಡುತ್ತಾರೆಂದು ಸುದ್ದಿ ಬಂತು. ಮಕ್ಕಳ ಉಗುರು ನೋಡಿದೆ, ಗಿಡದ ಕೆಳಗೆ ಗುಡಿಸಿದೆ, ಕಡೆಗೆ ಅಡುಗೆ ಕೋಣೆಗೆ ಹೋದೆ. ಕಥೆಯ ನಡುವೆ ಮಾತಾಡಬೇಡ ಎಂದು ಮಾಳವ್ವನಿಗೆ ಹೇಳಿದೆ. ಆಗಲಿ ಅಂದಳು. ನನಗೆ ನಂಬಿಕೆ ಬರಲಿಲ್ಲ. ಹಾಗಲ್ಲ, ಆಣೆ ಮಾಡು ಅಂದೆ. ನಮ್ಮಪ್ಪ ಗಿರಾಕಿಗೆ ಮಾಡುತ್ತಿದ್ದಂಥ ಆಣೆ ನನ್ನ ಮನಸ್ಸಿನಲ್ಲಿದ್ದದ್ದು.

ಅವಳು ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. ಕೈ ತೊಳೆದು ಒರೆಸಿಕೊಂಡು ಬಂದಳು.

"ಖರೇನ ಮಾಡಂತೀರೇನ್ರಿ? ಮತ್ತ ಇದು ಯಾವಾಗಿನ ತನಕಾ..."

"ಯಾವತ್ತಿಗೂ" ಅಂದೆ. ಅವಳ ವಾಕ್ಯ ಬಾಯಲ್ಲೇ ಇತ್ತು. ಸಾಹೇಬರು ಹೋಗುವ ತನಕವೇ ಎಂದು ಅವಳು ಕೇಳುವವಳಿದ್ದಳು. ನಾನು ಬಿಟ್ಟ ಸ್ಥಳ ತುಂಬಿದೆ.

ಅವಳು ಸೊಂಟದ ಚೀಲ ಬಿಚ್ಚಿ ಒಂದು ಚಿಟಿಕೆ ಭಂಡಾರ ಹಣೆಗೆ ಹಚ್ಚಿಕೊಂಡಳು. ಪುಡಿ ಉಳಿದಿದ್ದ ಹೆಬ್ಬೆರಳನ್ನು ನನ್ನ ಕೈಯಲ್ಲಿ ತೆರೆದಿದ್ದ ಪುಸ್ತಕದ ಮೇಲೆ ಒತ್ತಿದಳು. ಸರಕಾರದ ಪುಸ್ತಕಕ್ಕೆ ಅರಿಶಿಣ ಬಳಿದೆಯಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಅದನ್ನು ನಾನು ಕಂಡೆ, ಆದರೆ ಹೊರಗೆ ಜೀಪು ಬಂದ ಸದ್ದಾಗಿತ್ತು.

ಅಂದು ಕಥೆ ನೀರು ಕುಡಿದ ಹಾಗೆ ಸಲೀಸಾಗಿ ಹೋಯಿತು. ಎಲ್ಲೂ ತಡೆಯಿಲ್ಲ. ಸಾಹೇಬರು ಮರಾಠಿಯಲ್ಲಿ ಛಾನ್, ಬಹಳ ಚೆನ್ನಾಗಿದೆ ಅಂದರು, ಶಾಲೆಯ ವಹಿಯಲ್ಲಿ ಬರೆದೂ ಹೋದರು. ಮಾಳವ್ವ ಅಷ್ಟೂ ಹೊತ್ತು ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತಿದ್ದಳು. ಮುಂದಿನ ಶನಿವಾರ ಆಮೆಯೊಂದರ ಕಥೆ ಹೇಳಿದೆ. ಪ್ರಶ್ನೆ ಬರಲಿಲ್ಲ. ಆಮೆ ಊರು ದಾಟಿತು, ಕಾಡು ದಾಟಿತು. ಮಕ್ಕಳು ಬಾಗಿಲ ಕಡೆ ನೋಡಿದವು, ನಾನೂ ನೋಡಿದೆ. ಅವಳು ಅಕ್ಕಿಯಲ್ಲಿ ಇಲ್ಲದ ಹರಳು ಹುಡುಕುತ್ತಿದ್ದಳು. ಅದರ ಮುಂದಿನ ಶನಿವಾರವೂ ಅಷ್ಟೇ.

ಸಿಟ್ಟು ಮಾಡಿಕೊಂಡಿದ್ದಾಳೆ ಅಂದುಕೊಂಡೆ. ನನಗೂ ಬಿಗುಮಾನ. ಬಾಯಾರಾದವಳು ಹೋಗಿ, ಮತ್ತೆ ನನ್ನ ಕಥೆ ಕೆಡಿಸು ತಾಯಿ ಎಂದು ಬೇಡಿಕೊಳ್ಳುವುದೇ? ಬೇಡುವ ಬದಲು ಬಲೆ ಒಡ್ಡಿದೆ. ಬಿಸಿಲಲ್ಲಿ ಎಂಟು ದಿನ ನಡೆದ ಕುರಿಮರಿಯ ಕಥೆ ಕಟ್ಟಿದೆ. ನಾಲಿಗೆ ಒಣಗಿತು, ಕಾಲು ಸೋತಿತು ಎಂದೆಲ್ಲ ವರ್ಣಿಸಿ ಬಾಗಿಲ ಕಡೆ ಓರೆಗಣ್ಣಿನಿಂದ ನೋಡಿದೆ. ಅವಳ ಬೆರಳು ಸೆರಗನ್ನು ಹಿಂಡುತ್ತಿತ್ತು, ಬಾಯಿ ಬಿಡಲಿಲ್ಲ. ಎದ್ದು ಒಳಗೆ ಹೋದಳು. ಪಾತ್ರೆ ತಳ ಕೆರೆಯುವುದು ನಡೆದಿತ್ತು, ಮನೆಯ ಮಾತು, ಮಗಳ ಮದುವೆಯ ಮಾತು ಎಲ್ಲ ನಡೆದಿತ್ತು. ಆ ಒಂದು ಪ್ರಶ್ನೆ ಮಾತ್ರ ಇಲ್ಲ. ನಿಮಗೆ ನಗು ಬರಬಹುದು, ನನ್ನ ಕಥೆಗಳು ಆಮೇಲೆ ಸಪ್ಪಗಾದವು. ಮಕ್ಕಳು ಕೇಳುತ್ತಿದ್ದವು, ಆದರೆ ಜಗಳಾಡುತ್ತಿರಲಿಲ್ಲ.

ಮರುವರ್ಷ ನನಗೆ ಬೆಳುಂಕಿಗೆ ವರ್ಗವಾಯಿತು. ಹರಿದ ಪುಸ್ತಕಗಳನ್ನು ಪಟ್ಟಿಯಿಂದ ತೆಗೆದಿದ್ದರು. ಇದೊಂದನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಬಸ್ಸಿಗೆ ಕಳಿಸಲು ಮಾಳವ್ವ ಬಂದಳು. ಕೂರಲು ಬೇಕಾಗುತ್ತದೆ ಎಂದು ಕಂಬಳಿಯ ಒಂದು ತುಂಡು ಕೊಟ್ಟಳು. ಬಸ್ಸು ಹೊರಡುವಾಗ ಕಿಟಕಿ ಹಿಡಿದು, "ಬಾಯಾರ, ಆ ಆಣಿದು ಒಂದ ಮಾತ..." ಅಂದಳು. ಮತ್ತೆ ಬಂದು ಹೋಗುತ್ತೇನೆಂದು ಆಣೆ ಮಾಡಿಸಿಕೊಳ್ಳುತ್ತಿದ್ದಾಳೆ ಅಂತ ನನ್ನ ಬುದ್ಧಿಗೆ ಹೊಳೆಯಿತು. "ಬರತೀನಿ ಮಾಳವ್ವ, ದಾನಮ್ಮನಾಣಿ ಬರತೀನಿ" ಅಂದೆ. ಬಸ್ಸು ಹೊರಟಿತು. ಅವಳು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಬಂದು ನಿಂತಳು.

ನಾನು ಹೋಗಲಿಲ್ಲ. ಒಂದೇ ತಾಲ್ಲೂಕು, ಒಂದು ಬಸ್ಸು ಬದಲಿಸಿದರೆ ಮುಗಿಯಿತು. ಮೊದಲ ವರ್ಷ ಮುಂದಿನ ರಜೆಗೆ ಹೋದರಾಯಿತು ಅಂದುಕೊಂಡೆ. ಆಮೇಲೆ ಇಷ್ಟು ದಿನ ಬಿಟ್ಟು ಯಾವ ಮುಖ ಹೊತ್ತು ಹೋಗಲಿ ಅನಿಸಿತು. ಹತ್ತು ವರ್ಷ ಹೀಗೆ ಕಳೆದವು. ಬೆಳುಂಕಿಯ ಮಕ್ಕಳಿಗೂ ಗುರುತಿನ ಕುದುರೆಯ ಕಥೆ ಹೇಳಿದೆ. ಪ್ರತಿ ಸಲ ಕುದುರೆ ನಾಲ್ಕು ಹೆಜ್ಜೆ ಇಟ್ಟ ಮೇಲೆ ನನಗೇ ಗೊತ್ತಿಲ್ಲದೆ ನಿಲ್ಲುತ್ತಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ. ಮಕ್ಕಳು 'ಮುಂದ ಹೇಳ್ರಿ' ಅನ್ನುತ್ತಿದ್ದವು. ಎಂಥ ಆಸೆ ನೋಡಿ: ಯಾವುದು ಬೇಡವೆಂದು ಬಾಯಿ ಮುಚ್ಚಿಸಿದ್ದೆನೋ ಅದಕ್ಕಾಗಿ ಹತ್ತು ವರ್ಷ ಕಿವಿ ಕಾದು ಕೂತಿತು.

ಕಳೆದ ತಿಂಗಳು ಜತ್ತಿನ ಸಂತೆಯಲ್ಲಿ ಮಾಳವ್ವನ ಮಗಳು ಸುವರ್ಣಾ ಸಿಕ್ಕಳು. ನನ್ನ ಕೈಯಲ್ಲೇ ಕಲಿತವಳು, ಈಗ ಎರಡು ಮಕ್ಕಳ ತಾಯಿ. ಅವ್ವ ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿದ್ದಾಳೆ, ಆದರೆ ಒಂದು ವಿಚಿತ್ರ ಅಂದಳು. ಮೊಮ್ಮಕ್ಕಳು ಕಥೆ ಹೇಳಲಿ, ಗುಡಿಯಲ್ಲಿ ಯಾರಾದರೂ ಪುರಾಣ ಹೇಳಲಿ, ಅವ್ವ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ಕೂರುತ್ತಾಳಂತೆ. ಬಾಯಿ ತಪ್ಪಿಯೂ ಒಂದು ಮಾತು ಕೇಳುವುದಿಲ್ಲವಂತೆ. "ನಿಮ್ಮ ಮುಂದ ಭಂಡಾರ ಎತ್ತ್ಯಾಳಲ್ರಿ. ನಮ್ಮ ಮನ್ಯಾಗ ಯಾರ ಮುಂದ ಎತ್ತಿರತೇವಿ, ಅವರ ಬಂದು ಭಂಡಾರ ಹಚ್ಚಿ ಆಣಿ ಬಿಡಿಸಬೇಕ್ರಿ. ಇಲ್ಲಂದ್ರ ಸಾಯೂತನಕ."

ನನಗೆ ಹೇಳಲಿಲ್ಲವೇಕೆ ಎಂದೆ. ಸುವರ್ಣಾ ಸಂಕೋಚದಿಂದ ಚೀಲದ ಬಾಯಿ ಕಟ್ಟಿದಳು. "ಹೇಳಾಕ ಬಂದಿದ್ಲಂತರಿ. ಬಸ್ ಸ್ಟ್ಯಾಂಡಿನ್ಯಾಗ. ನೀವು ಮಾತ ಮುಗಸಾಕ ಬಿಡಲಿಲ್ಲಂತ."

ಆ ಭಾನುವಾರ ಪುಸ್ತಕ ಹಿಡಿದು ದರಿಬಡಚಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತಿದ್ದವು, ಜಾಲಿಯ ನೆರಳಲ್ಲಿ ಕುರಿ ನಿಂತಿದ್ದವು. ಮಾಳವ್ವ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಬರ್ರಿ ಕುಂದ್ರಿ ಅಂದಳು, ನಿನ್ನೆ ಹೋದವಳು ಇವತ್ತು ಬಂದ ಹಾಗೆ. ನೀರು ಕೊಟ್ಟಳು. ನಾನು ಪುಸ್ತಕ ತೆರೆದು ಆ ಹಳದಿ ಗುರುತು ತೋರಿಸಿದೆ. ಅವಳು ತಾನೇ ಸೊಂಟದ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನು ಅವಳ ಹಣೆಗೆ ಭಂಡಾರ ಹಚ್ಚಿದೆ. ಪುಡಿ ಹೆಚ್ಚಾಗಿ ಹುಬ್ಬಿನ ಮೇಲೂ ಬಿತ್ತು. "ಬಿಡಿಸಿದೆ ಮಾಳವ್ವ. ತಪ್ಪಾತು. ಈಗ ಕೇಳು" ಅಂದೆ.

ಅವಳು ಚಿತ್ರದ ಕುದುರೆಯ ಮೇಲೆ ಬೆರಳಾಡಿಸಿದಳು.

"ಕೇಳೂದೇನು ಉಳದೈತ್ರಿ ಈಗ? ನೀವು ಹೇಳಲಿಲ್ಲ. ನನಗ ಕೇಳಾಕ ಬರಂಗಿಲ್ಲ. ಎಷ್ಟ ದಿನ ಅವು ನೀರಡಿಸಿ ನಿಂದರಬೇಕರಿ? ನಾನ ನಮ್ಮ ಹಳ್ಳಕ್ಕ ಇಳಿಸೀನಿ."

ಮೊಮ್ಮಕ್ಕಳಿಗೆ ಅವಳು ಹೇಳುವ ಕಥೆಯಲ್ಲಿ ಗುರುತಿನ ಕುದುರೆ, ಉದ್ದ ಕುತ್ತಿಗೆಯ ಕೋಳಿ ಎರಡೂ ಊರ ಹಿಂದಿನ ಹಳ್ಳದಲ್ಲಿ ನೀರು ಕುಡಿಯುತ್ತವೆ. ಯಾವ ಬಂಡೆಯ ಹತ್ತಿರ ಇಳಿಯುತ್ತವೆ, ಹಳ್ಳ ಬತ್ತಿದಾಗ ಎಲ್ಲಿ ಒರತೆ ತೆಗೆಯುತ್ತವೆ, ಎಲ್ಲವನ್ನೂ ಹೇಳಿದಳು. ನಾನು ಕೇಳಿದೆ. ಅದು ನನ್ನ ಕಥೆಗಿಂತ ಚೆನ್ನಾಗಿತ್ತು. ಆದರೆ ಕೇಳೂದೇನು ಉಳಿದಿದೆ ಎಂಬ ಅವಳ ಮಾತು ಎದೆಯಲ್ಲಿ ನಿಂತುಬಿಟ್ಟಿತು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಆಣೆ ಬಿಡಿಸಬಹುದು, ಹನ್ನೊಂದು ವರ್ಷದ ಶನಿವಾರಗಳನ್ನು ಎಲ್ಲಿಂದ ತರಲಿ?

ಇದಾಗಿ ಮೂರು ವಾರ. ಇವತ್ತು ಬೆಳಿಗ್ಗೆ ಈ ಪುಸ್ತಕದ ಬೆನ್ನಿಗೆ ಹೊಸ ಕಾಗದ ಹಚ್ಚೋಣವೆಂದು ಅಂಟು ಕಲಸಿಕೊಂಡು ಕುಳಿತಿದ್ದೆ. ಫೋನು ಬಂತು. ಸುವರ್ಣಾಳ ನಂಬರು, ಧ್ವನಿ ಅವಳ ತಾಯಿಯದು. ಫೋನು ಅಂದರೆ ಹೊಲದಾಚೆಯವರನ್ನು ಕೂಗಿದಂತೆ ಮಾತಾಡಬೇಕು ಎಂದು ಅವಳ ತಿಳಿವಳಿಕೆ.

"ಬಾಯಾರ, ನಾ ಕೇಳೂದೇನಂದ್ರ..." ಎಂದು ನಿಲ್ಲಿಸಿದಳು.

ನನ್ನ ನಾಲಿಗೆಯ ಮೇಲೆ ಎರಡು ವಾಕ್ಯ ತಯಾರಾಗಿ ನಿಂತವು. ಆರಾಮ ಇದ್ದೀರಾ ಎಂದಿರಬೇಕು, ಯಾವಾಗ ಬರುತ್ತೀರಿ ಎಂದಿರಬೇಕು. ತುಟಿ ಕಚ್ಚಿಕೊಂಡೆ. ಆ ಕಡೆ ಕುರಿ ಅರಚಿತು, ಯಾರೋ ಬಕೆಟ್ಟು ಇಟ್ಟರು, ಅವಳು ಯಾರನ್ನೋ ಗದರಿಸಿದಳು. ನಾನು ಕಾದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಯಾರ ವಾಕ್ಯಕ್ಕೂ ಕಾದಿರಲಿಲ್ಲ.

"ಅವೆರಡಕ್ಕೂ ನಾ ಹಳ್ಳ ತೋರಿಸೀನಿ, ಅದು ಖರೆ. ಆ ಸಿಂಹ ಪಾಪ, ಹುಲ್ಲಿನ್ಯಾಗ ಮುಂಜಾನಿಂದ ಕುಂತಿತ್ತಲ್ರಿ. ಅದು ನೀರಿಗೆ ಎಲ್ಲಿ ಹೋಗತಿತ್ತು?"

ಪುಸ್ತಕದಲ್ಲಿ ಬರೆದಿಲ್ಲ ಎನ್ನಲು ಬಾಯಿ ತೆರೆದವಳು ಹಾಗೆ ಅನ್ನಲಿಲ್ಲ. ಚಿತ್ರದ ಪುಟ ತೆಗೆದು, ಹುಲ್ಲಿನ ಹಿಂದೆ, ಮರದ ಆಚೆ, ನಿಜವಾಗಿಯೂ ನೀರು ಹುಡುಕತೊಡಗಿದೆ.

"ತಡಿ ಮಾಳವ್ವ, ನೋಡಿ ಹೇಳತೀನಿ" ಅಂದೆ.